ಕಾಲಿನ ಊತದಿಂದ ಕಿಡ್ನಿಯ ಭಯದವರೆಗೆ: ಅಮ್ಲೋಡಿಪಿನ್ ಮಾತ್ರೆಯ ಅಡ್ಡಪರಿಣಾಮದ ಒಂದು ಪ್ರಕರಣ

ತಿಪಟೂರು ಸೀಮೆಯ 63 ವರ್ಷದ ಮಹಿಳೆಯೊಬ್ಬರು ಕಿಡ್ನಿ ತಪಾಸಣೆ ಮಾಡಿಸಿಕೊಳ್ಳಬೇಕೆಂದು ನಮ್ಮ ಹೊರರೋಗಿ ವಿಭಾಗಕ್ಕೆ ಬಂದರು. ಎರಡೂ ಪಾದಗಳು ಆರು ತಿಂಗಳಿಂದ ಊದಿಕೊಂಡಿದ್ದವು. ಜೊತೆಗೆ ವಿಪರೀತ ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟುವುದು, ಇವೆಲ್ಲ ಒಂದೊಂದಾಗಿ ಸೇರಿಕೊಂಡಿದ್ದವು. "ಕಾಲು ಊದ್ಕಂಡ್ರೆ ಕಿಡ್ನಿ ಹೋಗೈತೆ ಅಂತಾರಲ್ಲ ಸಾರ್, ನಂದೂ ಹೋಗೈತಾ ನೋಡಿ" ಎಂಬುದು ಅವರ ನೇರ ಪ್ರಶ್ನೆ. ಮನೆಯಲ್ಲಿ ತೆಂಗಿನ ತೋಟವಿದ್ದರೂ ಅವರ ಸ್ವಂತ ದುಡಿಮೆ ಹೊಲಿಗೆ. ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತ ದಿನದ ಬಹುಪಾಲು ಯಂತ್ರದ ಮುಂದೆ ಕಾಲು ಇಳಿಬಿಟ್ಟು ಕೂರುತ್ತಾರೆ. ಸಕ್ಕರೆ ಕಾಯಿಲೆ ಇಲ್ಲ, ಹಿಂದೆ ಹೃದಯದ ತೊಂದರೆಯೂ ಆಗಿರಲಿಲ್ಲ. ರೋಗಿಯ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಕಾಯಿಲೆ ಮತ್ತು ಔಷಧಗಳ ಕ್ರಮವನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ, ಏಕೆಂದರೆ ಈ ಪ್ರಕರಣದ ತಿರುಳೆಲ್ಲ ಆ ಕ್ರಮದಲ್ಲಿದೆ.

ಅವರು ತಂದಿದ್ದ ಬಟ್ಟೆಯ ಚೀಲದಲ್ಲಿ ಐದು ಬಗೆಯ ಮಾತ್ರೆಗಳಿದ್ದವು: ಅಮ್ಲೋಡಿಪಿನ್ 10 ಮಿ.ಗ್ರಾಂ, ಫ್ಯೂರೋಸೆಮೈಡ್ 40 ಮಿ.ಗ್ರಾಂ, ಎಟೊರಿಕಾಕ್ಸಿಬ್ 90 ಮಿ.ಗ್ರಾಂ, ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಮತ್ತು ಕ್ಯಾಲ್ಸಿಯಂ. ಇವುಗಳಲ್ಲಿ ಮೊದಲನೆಯದೊಂದೇ ಅವರ ಮೂಲ ಕಾಯಿಲೆಯಾದ ಅಧಿಕ ರಕ್ತದೊತ್ತಡಕ್ಕೆ ಕೊಟ್ಟದ್ದು. ಉಳಿದ ನಾಲ್ಕು ಹೇಗೆ ಬಂದವು ಎಂದು ಕೇಳಿದಾಗ ಅವರಿಗೆ ತಾರೀಖುಗಳು ನೆನಪಿರಲಿಲ್ಲ. ಹಬ್ಬಗಳು ಮಾತ್ರ ಚೆನ್ನಾಗಿ ನೆನಪಿದ್ದವು. ಅವರು ಹೇಳಿದ ಹಬ್ಬಗಳನ್ನೂ ಮಗಳು ಜೋಪಾನವಾಗಿ ಇಟ್ಟಿದ್ದ ಚೀಟಿಗಳನ್ನೂ ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದಾಗ ಇಡೀ ಕಥೆ ಬಿಡಿಸಿಕೊಂಡಿತು.

ಸಂಕ್ರಾಂತಿ ಕಳೆದ ಮೇಲೆ ಊರಿನಲ್ಲಿ ನಡೆದ ಆರೋಗ್ಯ ಶಿಬಿರವೊಂದರಲ್ಲಿ ಅವರ ರಕ್ತದೊತ್ತಡ 162/98 ಇತ್ತು. ಮತ್ತೆರಡು ಸಲ ನೋಡಿ ಖಚಿತಪಡಿಸಿಕೊಂಡ ಬಳಿಕ ಅಮ್ಲೋಡಿಪಿನ್ 5 ಮಿ.ಗ್ರಾಂ ಶುರುವಾಯಿತು. ಆಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಕಿಡ್ನಿ ಸೋತಂತೆ ರಕ್ತದಲ್ಲಿ ಏರುವ ಕ್ರಿಯೇಟಿನಿನ್ 0.8 ಇದ್ದುದು ಒಂದು ಚೀಟಿಯ ಅಂಚಿನಲ್ಲಿ ಬರೆದಿತ್ತು, ಮುಂದೆ ಇದೇ ಅಂಕಿ ಬಹಳ ಉಪಯೋಗಕ್ಕೆ ಬಂತು. ಒಂದು ತಿಂಗಳ ನಂತರವೂ ಒತ್ತಡ 150ರ ಆಸುಪಾಸಿನಲ್ಲೇ ಉಳಿದದ್ದರಿಂದ ಮಾತ್ರೆಯನ್ನು 10 ಮಿ.ಗ್ರಾಂಗೆ ಏರಿಸಿದರು. ಅದಾದ ಮೂರು ವಾರಕ್ಕೆ, ಯುಗಾದಿಯ ಹೊತ್ತಿಗೆ, ಸಂಜೆಯಾಗುತ್ತಿದ್ದಂತೆ ಪಾದ ಭಾರವಾಗತೊಡಗಿತು. ಕಾಲುಚೈನು ಚರ್ಮದಲ್ಲಿ ಗೆರೆ ಕೊರೆಯುತ್ತಿದ್ದುದರಿಂದ ಅದನ್ನು ಬಿಚ್ಚಿಟ್ಟರು. ಬೇಸಿಗೆಯ ಸೆಕೆಗೆ ಹೀಗಾಗಿದೆ ಎಂದುಕೊಂಡು ಕೆಲವು ದಿನ ಬಾರ್ಲಿ ನೀರು, ಬಾಳೆದಿಂಡಿನ ರಸ ಕುಡಿದರು. ಊತ ಇಳಿಯದಿದ್ದಾಗ ಹತ್ತಿರದ ಚಿಕಿತ್ಸಾಲಯಕ್ಕೆ ಹೋದರು, ಅಲ್ಲಿ ಫ್ಯೂರೋಸೆಮೈಡ್, ಅಂದರೆ ಜನ ಮೂತ್ರದ ಮಾತ್ರೆ ಎಂದು ಕರೆಯುವ ಔಷಧ, ದಿನಕ್ಕೊಂದರಂತೆ ಸೇರಿತು. ಮೊದಲ ವಾರ ಪಾದ ಸ್ವಲ್ಪ ಹಗುರವಾದಂತೆ ಅನ್ನಿಸಿತು, ಆಮೇಲೆ ಊತ ಮೊದಲಿನಂತೆಯೇ ಉಳಿಯಿತು, ಆದರೆ ಮಾತ್ರೆ ನಿಲ್ಲಲಿಲ್ಲ.

ಆಷಾಢದ ವೇಳೆಗೆ ಮೀನಖಂಡ ಹಿಡಿಯುವುದು ಶುರುವಾಯಿತು. ಅದಕ್ಕೆ ಕ್ಯಾಲ್ಸಿಯಂ ಬಂತು. ಗೌರಿ ಹಬ್ಬದ ಹಿಂದಿನ ರಾತ್ರಿ ಬಲಗಾಲಿನ ಹೆಬ್ಬೆರಳ ಬುಡ ಕೆಂಪಗಾಗಿ, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋವು ಬಂತು. ಅದಕ್ಕೆ ಎಟೊರಿಕಾಕ್ಸಿಬ್, ಅದರಿಂದ ಹೊಟ್ಟೆಗೆ ತೊಂದರೆಯಾಗದಿರಲೆಂದು ಪ್ಯಾಂಟೊಪ್ರಜೋಲ್ ಬಂದವು. ಹೆಬ್ಬೆರಳ ನೋವು ವಾರದಲ್ಲಿ ಹೋಯಿತು. ಆದರೆ ನೋವಿನ ಮಾತ್ರೆಯಿಂದ ಕಾಲಿನ ಭಾರಕ್ಕೂ ಆರಾಮ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಅವರು ಅಂಗಡಿಯಿಂದ ಅದನ್ನು ತರಿಸಿಕೊಂಡು ನುಂಗುತ್ತಲೇ ಇದ್ದರು. ನವರಾತ್ರಿಯ ಹೊತ್ತಿಗೆ ನಮ್ಮಲ್ಲಿಗೆ ಬಂದರು.

ಪ್ರತಿಯೊಂದು ಹೆಜ್ಜೆಯಲ್ಲೂ ನೋಡಿದವರು ಎದುರಿಗಿದ್ದ ತೊಂದರೆಗೆ ಔಷಧ ಕೊಟ್ಟಿದ್ದರು. ಊತಕ್ಕೆ ನೀರಿಳಿಸುವ ಮಾತ್ರೆ, ನೋವಿಗೆ ನೋವಿನ ಮಾತ್ರೆ ಕೊಡುವುದು ಬಿಡಿಬಿಡಿಯಾಗಿ ನೋಡಿದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಹಿಂದಿನ ಚೀಟಿಯನ್ನು ಪಕ್ಕಕ್ಕಿಟ್ಟು ನೋಡುವಷ್ಟು ಬಿಡುವು, ಮತ್ತು "ಇದು ಶುರುವಾಗುವ ಮುಂಚೆ ಯಾವ ಮಾತ್ರೆ ಬದಲಾಗಿತ್ತು?" ಎಂಬ ಒಂದು ಪ್ರಶ್ನೆ, ಇವೆರಡು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಪರೀಕ್ಷೆಯಲ್ಲಿ ಕಂಡದ್ದು

ಕಾಲಿನ ಊತವನ್ನು ಮಾತ್ರೆಯ ತಲೆಗೆ ಕಟ್ಟುವ ಮೊದಲು ಹೃದಯ, ಕಿಡ್ನಿ, ಯಕೃತ್ತು ಮತ್ತು ಥೈರಾಯ್ಡ್ ಇವುಗಳನ್ನು ನೋಡಲೇಬೇಕು. ಅಮ್ಲೋಡಿಪಿನ್ ಪ್ರಕರಣದಲ್ಲಿ ಹೃದಯವನ್ನು ನೋಡುವುದಕ್ಕೆ ವಿಶೇಷ ಕಾರಣವೂ ಇದೆ. 33 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ, 2002ರಲ್ಲಿ ಪ್ರಕಟವಾದ ಆಲ್‌ಹ್ಯಾಟ್ ಎಂಬ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಅಮ್ಲೋಡಿಪಿನ್ ಗುಂಪಿನವರಿಗೆ ಹೃದಯಾಘಾತವನ್ನು ತಡೆಯುವುದರಲ್ಲಿ ಕ್ಲೋರ್ಥಲಿಡೋನ್ ಎಂಬ ಇನ್ನೊಂದು ಬಿಪಿ ಔಷಧದ ಗುಂಪಿನಷ್ಟೇ ಪ್ರಯೋಜನ ಸಿಕ್ಕಿತ್ತು. ಆದರೆ ಹೃದಯ ವೈಫಲ್ಯ ಮಾತ್ರ ಅಮ್ಲೋಡಿಪಿನ್ ಗುಂಪಿನಲ್ಲಿ ಹೆಚ್ಚಾಗಿ ಕಂಡಿತ್ತು. ಹಾಗಾಗಿ ಈ ಮಾತ್ರೆ ತೆಗೆದುಕೊಳ್ಳುವವರ ಕಾಲಿನ ಊತವನ್ನು "ಇದು ಮಾತ್ರೆಯದೇ" ಎಂದು ನೋಡದೆ ಹೇಳುವುದು ಕೂಡ ಅಷ್ಟೇ ಅಪಾಯದ ಮಾತು.

ಇವರಲ್ಲಿ ಊತ ಎರಡೂ ಕಾಲಿನಲ್ಲಿ ಸಮನಾಗಿತ್ತು. ಬೆರಳಿನಿಂದ ಒತ್ತಿ ಹಿಡಿದರೆ ಗುಣಿ ಬೀಳುತ್ತಿತ್ತು, ಆದರೆ ಮೀನಖಂಡದ ನಡುಭಾಗದಿಂದ ಮೇಲಕ್ಕೆ ಊತವೇ ಇರಲಿಲ್ಲ. ಒಂದೇ ಕಾಲು ಊದಿ ನೋವಿದ್ದಿದ್ದರೆ ನಾವು ಮೊದಲು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುತ್ತಿದ್ದೆವು. ಕತ್ತಿನ ಅಭಿಧಮನಿ ಉಬ್ಬಿರಲಿಲ್ಲ, ಶ್ವಾಸಕೋಶದಲ್ಲಿ ನೀರಿನ ಸದ್ದಿರಲಿಲ್ಲ, ಒಂದೇ ದಿಂಬಿನ ಮೇಲೆ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದರು. ಮುಖ ಊದಿರಲಿಲ್ಲ. ತೂಕ ಹೆಚ್ಚಾಗುವ ಬದಲು ಶಿಬಿರದಲ್ಲಿ ಇದ್ದುದಕ್ಕಿಂತ ಎರಡು ಕಿಲೋ ಕಡಿಮೆಯಾಗಿತ್ತು. ದೇಹದಲ್ಲಿ ನೀರು ತುಂಬಿಕೊಂಡವರ ತೂಕ ಇಳಿಯುವುದಿಲ್ಲ ಎಂಬುದನ್ನು ಗಮನಿಸಿದರೆ, ಈ ಒಂದು ಅಂಕಿಯೇ ರೋಗನಿರ್ಣಯವನ್ನು ಬೇರೆ ದಾರಿಗೆ ತಿರುಗಿಸುವಷ್ಟು ಬಲವಾಗಿತ್ತು.

ಕೂತಾಗ ರಕ್ತದೊತ್ತಡ 148/88, ಎದ್ದು ನಿಂತ ಮೂರು ನಿಮಿಷಕ್ಕೆ 122/78. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಇರಲಿಲ್ಲ, ರಕ್ತದ ಆಲ್ಬುಮಿನ್, ಯಕೃತ್ತಿನ ಪರೀಕ್ಷೆ, ಥೈರಾಯ್ಡ್ ಎಲ್ಲವೂ ಸರಿಯಾಗಿದ್ದವು. ಎಕೋ ಪರೀಕ್ಷೆಯಲ್ಲಿ ಹೃದಯದ ಪಂಪು ಮಾಡುವ ಶಕ್ತಿ ಶೇ. 60, ಸಹಜ. ಕಿಡ್ನಿಗಳ ಗಾತ್ರ ಸ್ಕ್ಯಾನಿನಲ್ಲಿ ಸಹಜವಾಗಿತ್ತು. ಕ್ಯಾಲ್ಸಿಯಂ 9.4 ಇದ್ದುದರಿಂದ ಆ ಮಾತ್ರೆಯ ಅಗತ್ಯವೇ ಇರಲಿಲ್ಲ. ತೊಂದರೆ ಇದ್ದದ್ದು ಬೇರೆ ಮೂರು ಕಡೆ: ಪೊಟ್ಯಾಶಿಯಂ 3.1ಕ್ಕೆ ಇಳಿದಿತ್ತು, ಯೂರಿಕ್ ಆಮ್ಲ 8.9ಕ್ಕೆ ಏರಿತ್ತು, ಕ್ರಿಯೇಟಿನಿನ್ 1.3 ಆಗಿತ್ತು. ಬರಿಯ 1.3 ಎಂಬುದನ್ನು ನೋಡಿದರೆ "ಸ್ವಲ್ಪ ಹೆಚ್ಚು" ಎಂದು ಮುಂದೆ ಹೋಗಿಬಿಡಬಹುದು. ಆದರೆ ಈ ವಯಸ್ಸಿನ ಮಹಿಳೆಯಲ್ಲಿ 0.8ರಿಂದ 1.3ಕ್ಕೆ ಹೋಗುವುದೆಂದರೆ ಕಿಡ್ನಿಯ ಸೋಸುವ ಸಾಮರ್ಥ್ಯ 80ಕ್ಕೂ ಮೇಲಿದ್ದದ್ದು ಸುಮಾರು 46ಕ್ಕೆ ಬಂದಿದೆ ಎಂದು ಅರ್ಥ. ಕಾಲು ಊದಿದಾಗ ಅವರ ಕಿಡ್ನಿ ಚೆನ್ನಾಗಿತ್ತು. ಊತವನ್ನು ಇಳಿಸಲೆಂದು ಕೊಟ್ಟ ಔಷಧ, ಅದರ ಬೆನ್ನಿಗೆ ಬಂದ ನೋವಿನ ಮಾತ್ರೆ, ಇವೆರಡೂ ಸೇರಿ ಆ ಭಯವನ್ನು ನಿಜ ಮಾಡುವ ದಾರಿಯಲ್ಲಿದ್ದವು.

ಊತ ಬರುವ ಬಗೆ

ಅಮ್ಲೋಡಿಪಿನ್ ನಮ್ಮ ದೇಶದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಹೃದಯದ ಔಷಧಗಳಲ್ಲೊಂದು. ರಕ್ತದೊತ್ತಡಕ್ಕೂ, ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವಿಗೂ ಇದನ್ನು ಕೊಡುತ್ತಾರೆ. 2017ರಲ್ಲಿ ಆರಂಭವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಹುತೇಕ ರಾಜ್ಯಗಳ ಚಿಕಿತ್ಸಾ ಕ್ರಮ ಶುರುವಾಗುವುದೇ ಅಮ್ಲೋಡಿಪಿನ್ 5 ಮಿ.ಗ್ರಾಂನಿಂದ. ಬೆಲೆ ಕಡಿಮೆ, ದಿನಕ್ಕೆ ಒಂದೇ ಮಾತ್ರೆ ಸಾಕು, ಒಂದು ದಿನ ಮರೆತರೂ ಒತ್ತಡ ತಟ್ಟನೆ ಏರುವುದಿಲ್ಲ, ಶುರು ಮಾಡುವ ಮುಂಚೆ ರಕ್ತಪರೀಕ್ಷೆ ಬೇಕೇಬೇಕು ಎಂದೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಇಷ್ಟು ಹೊಂದುವ ಔಷಧ ಅಪರೂಪ. ಇದರ ಅಡ್ಡಪರಿಣಾಮವನ್ನು ಕುರಿತು ಬರೆಯುವಾಗ ಈ ಗುಣಗಳನ್ನು ಮರೆತರೆ ಅನ್ಯಾಯವಾಗುತ್ತದೆ.

ರಕ್ತನಾಳದ ಗೋಡೆಯ ಸ್ನಾಯು ಬಿಗಿಯಾಗಬೇಕಾದರೆ ಅದರೊಳಕ್ಕೆ ಕ್ಯಾಲ್ಸಿಯಂ ಹೋಗಬೇಕು. ಅಮ್ಲೋಡಿಪಿನ್ ಆ ದಾರಿಯನ್ನು ತಡೆಯುತ್ತದೆ, ಸ್ನಾಯು ಸಡಿಲಾಗುತ್ತದೆ, ಒತ್ತಡ ಇಳಿಯುತ್ತದೆ. ಆದರೆ ಈ ಸಡಿಲಿಕೆ ಎಲ್ಲ ರಕ್ತನಾಳಗಳಲ್ಲಿ ಸಮನಾಗಿ ಆಗುವುದಿಲ್ಲ. ರಕ್ತವನ್ನು ಒಳಗೆ ತರುವ ಕಿರುಧಮನಿಗಳು ಚೆನ್ನಾಗಿ ಹಿಗ್ಗುತ್ತವೆ, ಹೊರಗೆ ಒಯ್ಯುವ ಕಿರು ಅಭಿಧಮನಿಗಳು ಹೆಚ್ಚುಕಡಿಮೆ ಹಾಗೆಯೇ ಇರುತ್ತವೆ. ಕೆರೆಯ ತೂಬನ್ನು ಪೂರ್ತಿ ಎತ್ತಿ, ಗದ್ದೆಯಿಂದ ನೀರು ಹೊರಹೋಗುವ ಕಾಲುವೆಯನ್ನು ಮಾತ್ರ ಇದ್ದಷ್ಟೇ ಕಿರಿದಾಗಿ ಬಿಟ್ಟರೆ ಬದುವಿನಲ್ಲಿ ನೀರು ಜಿನುಗುತ್ತದಲ್ಲ, ಇಲ್ಲಿ ಆಗುವುದೂ ಅದೇ. ಎರಡರ ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ, ರಕ್ತದ ದ್ರವಾಂಶ ಹೊರಗಿನ ಅಂಗಾಂಶಕ್ಕೆ ಸೋರುತ್ತದೆ. ಭೂಮಿಯ ಸೆಳೆತದಿಂದ ಅದು ಪಾದದಲ್ಲಿ ಕಾಣಿಸಿಕೊಳ್ಳುತ್ತದೆ. ಸಂಜೆಗೆ ಹೆಚ್ಚು, ಕಾಲು ಮೇಲಿಟ್ಟು ಮಲಗಿ ಎದ್ದರೆ ಕಡಿಮೆ. ಇಡೀ ದಿನ ಕಾಲು ಇಳಿಬಿಟ್ಟು ಕೂರುವ ಹೊಲಿಗೆಯವರಿಗೆ, ಬಸ್ ಚಾಲಕರಿಗೆ, ನಿಂತೇ ಕೆಲಸ ಮಾಡುವವರಿಗೆ ಮತ್ತು ಬೇಸಿಗೆಯಲ್ಲಿ ಎಲ್ಲರಿಗೂ ಇದು ಬೇಗ ಎದ್ದು ಕಾಣುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಈ ಊತ ದೇಹದಲ್ಲಿ ಉಪ್ಪು ನೀರು ಹೆಚ್ಚಾಗಿ ಬಂದದ್ದಲ್ಲ, ಇದ್ದ ನೀರೇ ಜಾಗ ಬದಲಿಸಿದ್ದು. ಮೂತ್ರದ ಮಾತ್ರೆ ಮಾಡುವ ಕೆಲಸ ದೇಹದ ಒಟ್ಟು ಉಪ್ಪು ನೀರನ್ನು ಕಡಿಮೆ ಮಾಡುವುದು. ಲೋಮನಾಳದ ಒತ್ತಡ ಏರಿಯೇ ಇರುವಾಗ ಆ ಮಾತ್ರೆ ರಕ್ತನಾಳದೊಳಗಿನ ನೀರನ್ನು ಖಾಲಿ ಮಾಡುತ್ತದೆಯೇ ಹೊರತು ಪಾದದ ಊತವನ್ನು ಸರಿಯಾಗಿ ಇಳಿಸುವುದಿಲ್ಲ. ನಮ್ಮ ರೋಗಿಯ ತೂಕ ಇಳಿದು, ನಿಂತಾಗ ಒತ್ತಡ ಕುಸಿದು, ಪಾದ ಮಾತ್ರ ಊದಿಯೇ ಇದ್ದುದಕ್ಕೆ ಇದೇ ಕಾರಣ.

ಪ್ರಮಾಣ ಹೆಚ್ಚಿದಷ್ಟೂ ಊತ ಹೆಚ್ಚು. ಮಾತ್ರೆಯ ಅಧಿಕೃತ ಮಾಹಿತಿಪತ್ರದಲ್ಲಿರುವ ಅಂಕಿಗಳ ಪ್ರಕಾರ, ಔಷಧವಿಲ್ಲದ ತೋರಿಕೆಯ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 0.6, 2.5 ಮಿ.ಗ್ರಾಂನವರಲ್ಲಿ ಶೇ. 1.8, 5 ಮಿ.ಗ್ರಾಂನವರಲ್ಲಿ ಶೇ. 3, ಆದರೆ 10 ಮಿ.ಗ್ರಾಂನವರಲ್ಲಿ ಶೇ. 10.8 ಮಂದಿಗೆ ಊತ ಬಂದಿತ್ತು. 5ರಿಂದ 10ಕ್ಕೆ ಹೋದಾಗ ಔಷಧ ಎರಡು ಪಟ್ಟಾಗುತ್ತದೆ, ಊತ ಬರುವವರ ಸಂಖ್ಯೆ ಮೂರೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಒತ್ತಡವೇನೂ ಎರಡು ಪಟ್ಟು ಇಳಿಯುವುದಿಲ್ಲ. ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಎಂಬುದೂ ಅದೇ ಮಾಹಿತಿಪತ್ರದಲ್ಲಿದೆ: ಗಂಡಸರಲ್ಲಿ ಶೇ. 5.6, ಹೆಂಗಸರಲ್ಲಿ ಶೇ. 14.6. ಹೆಂಗಸು, 10 ಮಿ.ಗ್ರಾಂ, ಕೂತು ಮಾಡುವ ಕೆಲಸ, ಬೇಸಿಗೆಯ ಆರಂಭ ಎಂಬ ನಾಲ್ಕೂ ಒಟ್ಟಿಗೆ ಸೇರಿದ್ದ ಇವರಲ್ಲಿ ಊತ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮಾತ್ರೆಯನ್ನು ಏರಿಸಿದ ದಿನವೇ "ಕಾಲು ಊದಬಹುದು, ಊದಿದರೆ ಬಂದು ತೋರಿಸಿ" ಎಂಬ ಮಾತನ್ನು ಹೇಳುವ ರೂಢಿ ನಮ್ಮಲ್ಲಿ ಬರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ. ಅದನ್ನು ಹೇಳಲು ಅರ್ಧ ನಿಮಿಷ ಸಾಕು.

ಒಂದು ಮಾತ್ರೆಯ ಹಿಂದೆ ಇನ್ನೊಂದು

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದು ತಿಳಿದು ಅದಕ್ಕೆ ಇನ್ನೊಂದು ಔಷಧ ಕೊಡುವುದನ್ನು ಪೌಲಾ ರೋಚನ್ ಮತ್ತು ಜೆರ್ರಿ ಗರ್ವಿಟ್ಜ್ ಎಂಬ ವೈದ್ಯರು 1990ರ ದಶಕದಲ್ಲಿ ಒಂದು ಪ್ರತ್ಯೇಕ ಸಮಸ್ಯೆಯೆಂದು ಗುರುತಿಸಿ ವಿವರಿಸಿದರು. ಅಮ್ಲೋಡಿಪಿನ್ ವರ್ಗದ ಔಷಧ ಮತ್ತು ಮೂತ್ರದ ಮಾತ್ರೆಯ ಜೋಡಿ ಇದಕ್ಕೆ ಚೆನ್ನಾಗಿ ಪರಿಚಿತವಾದ ಉದಾಹರಣೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಯಸ್ಸಾದ 40 ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸದಾಗಿ ಈ ವರ್ಗದ ಔಷಧ ಶುರುಮಾಡಿದವರಲ್ಲಿ ಶೇ. 1.4 ಮಂದಿಗೆ 90 ದಿನದೊಳಗೆ ಫ್ಯೂರೋಸೆಮೈಡ್‌ನಂಥ ಮಾತ್ರೆ ಸೇರಿತ್ತು. ಬೇರೆ ವರ್ಗದ ಬಿಪಿ ಮಾತ್ರೆ ಶುರುಮಾಡಿದವರಲ್ಲಿ ಅದು ಶೇ. 0.7 ಮಾತ್ರ. ಶೇಕಡಾವಾರು ಸಣ್ಣದೆನಿಸಿದರೂ ಈ ಮಾತ್ರೆಯನ್ನು ತೆಗೆದುಕೊಳ್ಳುವವರ ಸಂಖ್ಯೆಯ ಮುಂದೆ ಅದು ಸಣ್ಣದಲ್ಲ. ಅಲ್ಲಿ ಪ್ರತಿ ಔಷಧವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಚೀಟಿಯಿಲ್ಲದೆಯೂ ಅಂಗಡಿಯಲ್ಲಿ ಮಾತ್ರೆ ಸಿಗುವ, ಒಬ್ಬರೇ ರೋಗಿ ಮೂರು ಕಡೆ ತೋರಿಸಿಕೊಳ್ಳುವ ನಮ್ಮ ಕಡೆ ಈ ಜೋಡಿಯನ್ನು ಚೀಟಿಗಳ ಪೈಕಿ ಹುಡುಕಿಯೇ ಕಂಡುಕೊಳ್ಳಬೇಕು.

ಈ ಪ್ರಕರಣದಲ್ಲಿ ಮುಂದಿನ ಕೊಂಡಿಗಳು ಹೀಗೆ ಸೇರಿಕೊಂಡಿದ್ದವು. ಫ್ಯೂರೋಸೆಮೈಡ್ ಮೂತ್ರದಲ್ಲಿ ಪೊಟ್ಯಾಶಿಯಂ ಕಳೆಯುತ್ತದೆ, ಸುಸ್ತಿಗೂ ಸ್ನಾಯು ಹಿಡಿಯುವುದಕ್ಕೂ ಅದು ಕಾರಣವಾಗುತ್ತದೆ. ಅದೇ ಮಾತ್ರೆ ಯೂರಿಕ್ ಆಮ್ಲ ಹೊರಹೋಗದಂತೆ ಮಾಡುತ್ತದೆ. ಆಮ್ಲ ಹರಳುಗಟ್ಟಿ ಹೆಬ್ಬೆರಳ ಕೀಲಿನಲ್ಲಿ ಕೂತಾಗ ಗೌರಿ ಹಬ್ಬದ ಹಿಂದಿನ ರಾತ್ರಿಯ ಆ ನೋವು ಬಂತು, ಅದು ಗೌಟ್. ನೋವಿಗೆ ಕೊಟ್ಟ ಎಟೊರಿಕಾಕ್ಸಿಬ್ ದೇಹದಲ್ಲಿ ಉಪ್ಪು ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸುತ್ತದೆ. ನಿಯಂತ್ರಣಕ್ಕೆ ಬಾರದ ಬಿಪಿ ಇರುವವರು ಅದನ್ನು ತೆಗೆದುಕೊಳ್ಳಲೇಬಾರದು ಎಂದು ಯೂರೋಪಿನ ಔಷಧ ಮಾಹಿತಿಪತ್ರಗಳಲ್ಲಿ ಬರೆದಿರುತ್ತದೆ. ನೀರು ಕಡಿಮೆಯಾದ ದೇಹದಲ್ಲಿ ಅದು ಕಿಡ್ನಿಗೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತದೆ. ಕೂತಾಗ ಒತ್ತಡ ಇಳಿಯದೆ ಉಳಿದದ್ದು, ನಿಂತಾಗ ಕುಸಿದದ್ದು, ಕ್ರಿಯೇಟಿನಿನ್ ಏರಿದ್ದು, ಹೀಗೆ ಒಂದಕ್ಕೊಂದು ವಿರುದ್ಧವೆಂದು ಕಾಣುತ್ತಿದ್ದ ಸಂಗತಿಗಳು ಈ ಎರಡು ಔಷಧಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸರಿಯಾಗಿ ಕೂತವು. ಇನ್ನು ಸ್ವಲ್ಪ ದಿನ ಇದನ್ನು ಗಮನಿಸದಿದ್ದರೆ, 148 ಎಂಬ ಅಂಕಿಯನ್ನು ನೋಡಿ ಯಾರಾದರೂ ಬಿಪಿಗೆ ಇನ್ನೊಂದು ಮಾತ್ರೆ ಬರೆಯುತ್ತಿದ್ದರು.

ಚಿಕಿತ್ಸೆಯನ್ನು ಬದಲಿಸಿದ ಕ್ರಮ

ಎಲ್ಲವೂ ಮಾತ್ರೆಯಿಂದ ಆದದ್ದು ಎಂದು ಕೇಳಿದ ಕೂಡಲೆ ರೋಗಿ, "ಹಂಗಾದ್ರೆ ಬಿಪಿ ಮಾತ್ರೆನೇ ಬ್ಯಾಡ ಬಿಡಿ ಸಾರ್" ಎಂದರು. ಅಡ್ಡಪರಿಣಾಮವನ್ನು ವಿವರಿಸುವಾಗ ನಿಜವಾದ ಅಪಾಯ ಇಲ್ಲೇ ಇರುವುದು. ಅಮ್ಲೋಡಿಪಿನ್‌ನಿಂದ ಬರುವ ಊತ ಕಿರಿಕಿರಿಯದು, ನೋಡಲು ಗಾಬರಿ ಹುಟ್ಟಿಸುವಂಥದು, ಆದರೆ ಅದರಷ್ಟಕ್ಕೆ ಹೃದಯವನ್ನಾಗಲಿ ಕಿಡ್ನಿಯನ್ನಾಗಲಿ ಕೆಡಿಸುವುದಿಲ್ಲ. ಚಿಕಿತ್ಸೆಯಿಲ್ಲದ 160ರ ರಕ್ತದೊತ್ತಡ ಎರಡನ್ನೂ ಕೆಡಿಸುತ್ತದೆ, ಮಿದುಳಿನ ಆಘಾತವನ್ನೂ ತರುತ್ತದೆ. ಆದ್ದರಿಂದ ಮೊದಲು ಅವರೊಂದಿಗೂ ಮಗಳೊಂದಿಗೂ ಕೂತು, ಯಾವ ಮಾತ್ರೆ ಬಿಡಬೇಕು, ಯಾವುದನ್ನು ಕಡಿಮೆ ಮಾಡಬೇಕು, ಯಾವುದು ಇರಲೇಬೇಕು ಎಂಬುದನ್ನು ಮಾತ್ರೆಯ ಪಟ್ಟಿಗಳನ್ನೇ ಕೈಯಲ್ಲಿ ಹಿಡಿದು ಬೇರೆ ಬೇರೆ ಮಾಡಿ ತೋರಿಸಿದೆವು.

ಎಟೊರಿಕಾಕ್ಸಿಬ್, ಅದಕ್ಕಾಗಿಯೇ ಬಂದಿದ್ದ ಪ್ಯಾಂಟೊಪ್ರಜೋಲ್, ಫ್ಯೂರೋಸೆಮೈಡ್ ಮತ್ತು ಕ್ಯಾಲ್ಸಿಯಂ ಅಂದೇ ನಿಂತವು. ಹೃದಯ ವೈಫಲ್ಯವಿರುವವರಲ್ಲಿ ಫ್ಯೂರೋಸೆಮೈಡನ್ನು ಹೀಗೆ ನಿಲ್ಲಿಸುವಂತಿಲ್ಲ, ಎಕೋ ಸಹಜವಾಗಿದ್ದುದರಿಂದಲೇ ಇಲ್ಲಿ ಅದು ಸಾಧ್ಯವಾಯಿತು. ಅಮ್ಲೋಡಿಪಿನನ್ನು 5 ಮಿ.ಗ್ರಾಂಗೆ ಇಳಿಸಿದೆವು. ಟೆಲ್ಮಿಸಾರ್ಟಾನ್ ಎಂಬ ಬೇರೆ ವರ್ಗದ ಬಿಪಿ ಮಾತ್ರೆಯನ್ನು ಸೇರಿಸಬೇಕೆಂದು ಅದಾಗಲೇ ತೀರ್ಮಾನಿಸಿದ್ದೆವಾದರೂ ಅಂದೇ ಸೇರಿಸಲಿಲ್ಲ. ಟೆಲ್ಮಿಸಾರ್ಟಾನ್, ಮೂತ್ರದ ಮಾತ್ರೆ, ನೋವಿನ ಮಾತ್ರೆ ಈ ಮೂರೂ ದೇಹದಲ್ಲಿ ಒಟ್ಟಿಗೆ ಇದ್ದರೆ ಕಿಡ್ನಿಯ ಕೆಲಸ ದಿಢೀರನೆ ಕುಸಿಯಬಹುದು. ಹಾಗಾಗಿ ಮೂತ್ರದ ಮಾತ್ರೆ ಮತ್ತು ನೋವಿನ ಮಾತ್ರೆ ಇವೆರಡರ ಪರಿಣಾಮ ಇಳಿದು ದೇಹದ ನೀರಿನಂಶ ಸರಿಹೋಗಲು ಒಂದು ವಾರ ಕಾದೆವು. ಅವಸರದ ಹೊರರೋಗಿ ವಿಭಾಗದಲ್ಲಿ "ಇನ್ನೊಂದು ವಾರ ಬಿಟ್ಟು ಬನ್ನಿ" ಎನ್ನುವುದು ರೋಗಿಗೂ ವೈದ್ಯರಿಗೂ ಇಷ್ಟವಾಗದ ಮಾತು, ಆದರೆ ಇಲ್ಲಿ ಅದನ್ನು ಹೇಳಲೇಬೇಕಿತ್ತು.

ಪೊಟ್ಯಾಶಿಯಂಗೆ ಮಾತ್ರೆ ಬರೆಯುವ ಬದಲು ಆ ವಾರ ದಿನಕ್ಕೊಂದು ಎಳನೀರು ಕುಡಿಯಲು ಹೇಳಿದೆವು. ತೋಟದ ಮನೆಯವರಿಗೆ ಅದೇನೂ ಕಷ್ಟವಲ್ಲ. ಆದರೆ ಟೆಲ್ಮಿಸಾರ್ಟಾನ್ ದೇಹದಲ್ಲಿ ಪೊಟ್ಯಾಶಿಯಂ ಉಳಿಸುವ ಔಷಧ. ಅದು ಶುರುವಾದ ಮೇಲೆ ಕಿಡ್ನಿ ಪೂರ್ತಿ ಚೇತರಿಸಿಕೊಂಡಿಲ್ಲದಿದ್ದರೆ ಅದೇ ಎಳನೀರು ಅತಿಯಾದಾಗ ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಶಿಯಂ ಇರುತ್ತದೆ. ತೆಂಗಿನ ಸೀಮೆಯಲ್ಲಿ ಟೆಲ್ಮಿಸಾರ್ಟಾನ್ ಬರೆಯುವಾಗ ಈ ಮಾತನ್ನು ತಪ್ಪದೆ ಹೇಳಬೇಕು ಎಂಬುದು ನನ್ನ ಅನಿಸಿಕೆ. ಹಾಗಾಗಿ "ಈ ವಾರ ಮಾತ್ರ, ಮುಂದಿನ ಸಲ ಬಂದಾಗ ನಿಲ್ಲಿಸುತ್ತೇವೆ" ಎಂದು ಚೀಟಿಯಲ್ಲೇ ಬರೆದುಕೊಟ್ಟೆವು.

ಒಂದು ವಾರದ ನಂತರ ಪೊಟ್ಯಾಶಿಯಂ 3.8, ಕ್ರಿಯೇಟಿನಿನ್ 1.0. ಕೂತಾಗ ಒತ್ತಡ 152/90, ನಿಂತಾಗ 146/88. ಅಂದರೆ ನಿಂತಾಗಿನ ಕುಸಿತ ಹೋಗಿತ್ತು, ಒತ್ತಡ ಇನ್ನೂ ಹೆಚ್ಚಿತ್ತು. ಅಂದು ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ ಸೇರಿಸಿದೆವು. ಈ ಔಷಧವನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿದ್ದವು. ಒತ್ತಡ ಇಳಿಸುವುದು ಒಂದು. ಎರಡನೆಯದು, ಈ ವರ್ಗದ ಔಷಧಗಳು ಕಿರು ಅಭಿಧಮನಿಗಳನ್ನೂ ಹಿಗ್ಗಿಸುವುದರಿಂದ ಲೋಮನಾಳದ ಒತ್ತಡ ಇಳಿದು ಅಮ್ಲೋಡಿಪಿನ್ ಊತ ಕಡಿಮೆಯಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಹೀಗೆ ಜೋಡಿಸಿ ಕೊಟ್ಟಾಗ ಊತ ಬರುವ ಸಂಭವ ಶೇ. 38ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಅನೇಕರು ಇಂಥ ಸಂದರ್ಭದಲ್ಲಿ ಅಮ್ಲೋಡಿಪಿನ್ ವರ್ಗದ್ದೇ ಆದ ಸಿಲ್ನಿಡಿಪಿನ್‌ಗೆ ಬದಲಾಯಿಸುತ್ತಾರೆ. ಅದೂ ಒಪ್ಪತಕ್ಕ ದಾರಿಯೇ, ಅದರಲ್ಲಿ ಊತ ಕಡಿಮೆ. ಇವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಮಾತ್ರೆಗಳಲ್ಲೇ ಕೆಲಸ ಆಗುವುದಾದರೆ ಪ್ರತಿ ತಿಂಗಳೂ ಕೈಯಿಂದ ಹಣ ಹಾಕುವ ಹೊರೆ ತಪ್ಪುತ್ತದೆ ಎಂದು ನಾವು ಆ ದಾರಿ ಹಿಡಿಯಲಿಲ್ಲ.

ಊತ ಇಳಿಯುತ್ತಿದೆಯೇ ಎಂದು ತಿಳಿಯಲು ರೋಗಿ ತಾವೇ ಒಂದು ಉಪಾಯ ಮಾಡಿಕೊಂಡರು. ಬಲಗಾಲಿನ ಗಿಣ್ಣಿನ ಮೂಳೆಯಿಂದ ನಾಲ್ಕು ಬೆರಳು ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಂಡು, ಪ್ರತಿದಿನ ಸಂಜೆ ಯಂತ್ರದಿಂದ ಎದ್ದ ಕೂಡಲೆ ಟೇಪಿನಲ್ಲಿ ಸುತ್ತಳತೆ ತೆಗೆದು, ರವಿಕೆಗಳ ಅಳತೆ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಬರೆದರು. ಮೊದಲ ದಿನ 9 ಮುಕ್ಕಾಲು ಇಂಚು ಇತ್ತು. ಮೊದಲ ಹತ್ತು ದಿನ ಅಂಕಿ ಅಲುಗಲಿಲ್ಲ, ಅವರಿಗೆ ಬೇಸರವಾಯಿತು. ಅಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು, ಕಡಿಮೆ ಮಾಡಿದ ಪ್ರಮಾಣ ರಕ್ತದಲ್ಲಿ ಹೊಸ ಮಟ್ಟಕ್ಕೆ ಬಂದು ನಿಲ್ಲಲು ವಾರಕ್ಕಿಂತ ಹೆಚ್ಚು ಹಿಡಿಯುತ್ತದೆ, ಅಂಗಾಂಶದ ನೀರು ಹಿಂದಿರುಗಲು ಮತ್ತಷ್ಟು ದಿನ ಬೇಕು ಎಂದು ಮೊದಲೇ ಹೇಳಿದ್ದರಿಂದ ಅವರು ತಾಳಿಕೊಂಡರು. ಮೂರನೆಯ ವಾರ 9 ಕಾಲು, ಆರನೆಯ ವಾರ 8 ಮುಕ್ಕಾಲು. ನಮ್ಮ ಕಡತದಲ್ಲಿ ಊತದ ಬಗ್ಗೆ ಅಷ್ಟು ನಿಖರವಾದ ದಾಖಲೆ ಬೇರೊಂದಿಲ್ಲ.

ಟೆಲ್ಮಿಸಾರ್ಟಾನ್ ಶುರುವಾದ ಎರಡು ವಾರಕ್ಕೆ ಪೊಟ್ಯಾಶಿಯಂ 4.3, ಕ್ರಿಯೇಟಿನಿನ್ 1.0 ಇದ್ದವು. ಎರಡು ತಿಂಗಳ ಭೇಟಿಯಲ್ಲಿ ರಕ್ತದೊತ್ತಡ 132/80, ಕ್ರಿಯೇಟಿನಿನ್ 0.9, ಸೋಸುವ ಸಾಮರ್ಥ್ಯ ಸುಮಾರು 72, ಯೂರಿಕ್ ಆಮ್ಲ 6.4. ಗೌಟ್ ಒಂದೇ ಸಲ ಬಂದು, ಕಾರಣವೂ ಸಿಕ್ಕಿ, ಅದನ್ನು ತೆಗೆದ ಮೇಲೆ ಅಂಕಿಯೂ ಇಳಿದದ್ದರಿಂದ ಯೂರಿಕ್ ಆಮ್ಲಕ್ಕೆಂದು ಹೊಸ ಮಾತ್ರೆ ಕೊಡಲಿಲ್ಲ. ಐದು ಮಾತ್ರೆಗಳ ಜಾಗದಲ್ಲಿ ಈಗ ಎರಡಿವೆ, ಬಿಪಿ ಈಗ ಮೊದಲಿಗಿಂತ ಚೆನ್ನಾಗಿ ನಿಯಂತ್ರಣದಲ್ಲಿದೆ.

ಔಷಧಕ್ಕೂ ತೊಂದರೆಗೂ ಇರುವ ನಂಟು ಎಷ್ಟು ಗಟ್ಟಿ ಎಂದು ಅಳೆಯಲು ನರಾಂಜೊ ಮಾಪಕ ಎಂಬ ಹತ್ತು ಪ್ರಶ್ನೆಗಳ ವಿಧಾನವಿದೆ, 1981ರಿಂದ ಬಳಕೆಯಲ್ಲಿದೆ. ಮೊದಲೇ ತಿಳಿದಿರುವ ಪರಿಣಾಮವೇ, ಔಷಧದ ನಂತರವೇ ಬಂತೆ, ಬೇರೆ ಕಾರಣಗಳು ಇಲ್ಲವೆಂದಾಯಿತೆ, ಪ್ರಮಾಣ ಬದಲಾದಂತೆ ತೊಂದರೆಯೂ ಬದಲಾಯಿತೆ, ಅಳತೆಗೆ ಸಿಕ್ಕಿತೆ ಎಂಬ ಪ್ರಶ್ನೆಗಳಿಗೆ ಇಲ್ಲಿ ಒಟ್ಟು 7 ಅಂಕ ಬಂದವು, ಅಂದರೆ ನಂಟು "ಬಹುಮಟ್ಟಿಗೆ ನಿಜ" ಎಂಬ ವರ್ಗಕ್ಕೆ ಸೇರಿತು. ಮಾತ್ರೆಯನ್ನು ಪೂರ್ತಿ ನಿಲ್ಲಿಸಿ ಮತ್ತೆ 10 ಮಿ.ಗ್ರಾಂ ಕೊಟ್ಟು ಊತ ಬರುತ್ತದೆಯೇ ಎಂದು ನೋಡಿದ್ದರೆ ಅಂಕ ಇನ್ನೂ ಏರುತ್ತಿತ್ತು, ಆದರೆ ಅದು ರೋಗಿಗೆ ಬೇಡದ ಪರೀಕ್ಷೆ. ಇಷ್ಟನ್ನೂ ಭಾರತದ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ವರದಿ ಮಾಡಿದೆವು. 2010ರಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ಗಾಜಿಯಾಬಾದಿನ ಭಾರತೀಯ ಫಾರ್ಮಕೊಪಿಯಾ ಆಯೋಗ ನಡೆಸುತ್ತದೆ. ವೈದ್ಯರೇ ವರದಿ ಮಾಡಬೇಕೆಂದಿಲ್ಲ, ರೋಗಿಗಳೂ ಮನೆಯವರೂ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿ ತಿಳಿಸಬಹುದು.

ಕೊನೆಗೆ ಉಳಿದದ್ದು ಹಳೆಯ ಚೀಟಿಗಳ ವಿಷಯ. ಅಮ್ಲೋಡಿಪಿನ್ 10 ಎಂದು ಬರೆದ ಪುಸ್ತಕ ಆರೋಗ್ಯ ಕೇಂದ್ರದಲ್ಲಿತ್ತು, ಫ್ಯೂರೋಸೆಮೈಡ್ ಚೀಟಿಯನ್ನು ತೋರಿಸಿದರೆ ಕೊಡುವ ಅಂಗಡಿ ಊರಿನ ಬಸ್ ನಿಲ್ದಾಣದ ಬಳಿಯಿತ್ತು. ಆ ಚೀಟಿಗಳ ಮೇಲೆ "ನಿಲ್ಲಿಸಲಾಗಿದೆ" ಎಂದು ತಾರೀಖು ಸಮೇತ ಬರೆದು ಅಡ್ಡಗೆರೆ ಎಳೆದೆವು. ಆರೋಗ್ಯ ಕೇಂದ್ರದ ವೈದ್ಯರಿಗೆ ಒಂದು ಪತ್ರ ಕೊಟ್ಟೆವು. ಈ ರೋಗಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ ಮೀರಬಾರದು, ಒತ್ತಡ ಮತ್ತೆ ಏರಿದರೆ ಟೆಲ್ಮಿಸಾರ್ಟಾನನ್ನು 80ಕ್ಕೆ ಏರಿಸಬಹುದು, ಫ್ಯೂರೋಸೆಮೈಡ್ ಬೇಡ, ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಆರು ತಿಂಗಳಿಗೊಮ್ಮೆ ಕ್ರಿಯೇಟಿನಿನ್ ಮತ್ತು ಪೊಟ್ಯಾಶಿಯಂ ನೋಡಬೇಕು, ಎರಡೂ ಕಾಲು ಮತ್ತೆ ಊದಿ ಜೊತೆಗೆ ತೂಕ ಏರಿದರೆ ಅಥವಾ ಮಲಗಿದಾಗ ಉಸಿರು ಕಟ್ಟಿದರೆ ಅದನ್ನು ಮಾತ್ರೆಯ ಊತವೆಂದು ಬಿಡದೆ ಹೃದಯವನ್ನು ಮತ್ತೆ ಪರೀಕ್ಷಿಸಬೇಕು ಎಂದು ಅದರಲ್ಲಿ ಬರೆದಿದ್ದೇವೆ. ಪತ್ರದ ಒಂದು ಪ್ರತಿ ಅವರ ಮಗಳ ಬಳಿಯೂ ಇದೆ.